ಶ್ರೀಶೈಲದ ಸೋಪಾನಪಥ ಮತ್ತು ಷಟ್‌ಸ್ಥಲದ ಆರೋಹಣ

ಭಾರತದ ಪುಣ್ಯಕ್ಷೇತ್ರಗಳಲ್ಲಿ ಬಹುಪಾಲು ಗಿರಿಶಿಖರದ ಮೇಲೆಯೋ ನದೀತೀರದಲ್ಲಿಯೋ ನೆಲೆಗೊಂಡಿವೆ. ಗಿರಿಯ ಮೇಲಿನ ದೈವವನ್ನು ಕಾಣಲು ಹತ್ತಬೇಕು. ನದಿಯ ತೀರ್ಥದಲ್ಲಿ ಮೀಯಲು ಇಳಿಯಬೇಕು. ಹತ್ತುವುದಕ್ಕೂ ಇಳಿಯುವುದಕ್ಕೂ ಆಧಾರವಾದದ್ದು ಮೆಟ್ಟಿಲು. ದೇವಾಲಯದ ಶಿಖರವನ್ನು, ವಿಗ್ರಹವನ್ನು, ಶಾಸನವನ್ನು ಕುರಿತು ವಿದ್ವಾಂಸರು ಬಹಳ ಬರೆದಿದ್ದಾರೆ. ಕೋಟ್ಯಂತರ ಪಾದಗಳನ್ನು ಹೊತ್ತು ಸವೆದ ಮೆಟ್ಟಿಲನ್ನು ಕುರಿತ ವಿಚಾರ ಅಷ್ಟಾಗಿ ನಡೆದಿಲ್ಲ. ಹಾಗೆ ನೋಡಿದರೆ ಯಾತ್ರೆಯ ಅರ್ಥವೆಲ್ಲ ಅಡಗಿರುವುದು ಗರ್ಭಗೃಹದ ಕ್ಷಣಮಾತ್ರದ ದರ್ಶನದಲ್ಲಿ ಮಾತ್ರವಲ್ಲ. ಅದಕ್ಕೆ ಮುನ್ನ ಇಟ್ಟ ಒಂದೊಂದು ಹೆಜ್ಜೆಯಲ್ಲಿಯೂ ಅದು ಇದೆ. ಕನ್ನಡನಾಡಿನ ಶಿವಭಕ್ತರಿಗೆ ತವರಿನಷ್ಟೇ ಹತ್ತಿರವಾದ ಶ್ರೀಶೈಲದ ಸೋಪಾನಪಥವನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ಪರಿಶೀಲಿಸಬಹುದು.

ಶಬ್ದ ಮತ್ತು ಭಾವ

ಸಂಸ್ಕೃತದ ‘ಸೋಪಾನ’ ಶಬ್ದಕ್ಕೆ ಸಮನಾಗಿ ಕನ್ನಡದಲ್ಲಿ ‘ಮೆಟ್ಟಿಲು’, ‘ಪಾವಟಿಗೆ’ ಎಂಬ ಮಾತುಗಳಿವೆ. ಉತ್ತರ ಕರ್ನಾಟಕದ ಊರುಗಳಲ್ಲಿ ಕೆರೆಯ ಪಾವಟಿಗೆ, ಗುಡಿಯ ಪಾವಟಿಗೆ ಎಂದೇ ರೂಢಿ. ‘ಮೆಟ್ಟಿಲು’ ಎಂಬುದು ‘ಮೆಟ್ಟು’ ಧಾತುವಿಗೆ ಸೇರಿದ್ದು. ಮೆಟ್ಟಿಸಿಕೊಳ್ಳುವುದೇ ಅದರ ಧರ್ಮ. ಕಾಲಿಗೆ ತೊಡುವ ಕೆರವನ್ನೂ ‘ಮೆಟ್ಟು’ ಎನ್ನುವುದುಂಟು. ದೇವಾಲಯದ ಎಲ್ಲ ಅಂಗಗಳಲ್ಲಿ ತುಳಿತಕ್ಕೆ ಒಳಗಾಗುವುದು ಇದೊಂದೇ. ಆದರೂ ಗುಡಿಯನ್ನು ಪ್ರವೇಶಿಸುವವನು ಮೊದಲ ಮೆಟ್ಟಿಲನ್ನು ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡ ಬಳಿಕವೇ ಕಾಲಿಡುತ್ತಾನೆ. ತುಳಿಯಲ್ಪಡುವುದನ್ನು ತುಳಿಯುವ ಮುನ್ನ ವಂದಿಸುವ ಈ ಆಚಾರದಲ್ಲಿ ಆಳವಾದ ವಿನಯವಿದೆ. ಮೈಸೂರಿನ ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲುಗಳನ್ನು 1659ರಿಂದ 1673ರವರೆಗೆ ಆಳಿದ ದೊಡ್ಡದೇವರಾಜ ಒಡೆಯರು ಕಟ್ಟಿಸಿದರು. ಹರಕೆ ಹೊತ್ತ ಹೆಣ್ಣುಮಕ್ಕಳು ಅಲ್ಲಿ ಒಂದೊಂದು ಮೆಟ್ಟಿಲಿಗೂ ಅರಿಸಿನ ಕುಂಕುಮವಿಟ್ಟು ಬಾಗಿ ಏರುತ್ತಾರೆ. ತಿರುಮಲೆಯ ದಾರಿಯಲ್ಲಿಯೂ ಇದೇ ಆಚಾರವನ್ನು ಕಾಣಬಹುದು. ಸಾವಿರ ಸಲ ಬಾಗದೆ ಏರಿದವನ ಏರಿಕೆ ದೇಹದ ಶ್ರಮವಷ್ಟೆ. ಬಾಗುತ್ತ ಏರಿದವನ ಏರಿಕೆ ಸಾಧನೆ.

ಶ್ರೀಶೈಲದ ದಾರಿಗಳು

ನಲ್ಲಮಲೆಯ ದಟ್ಟ ಅಡವಿಯ ನಡುವೆ, ಕೃಷ್ಣಾನದಿಯ ಆಳವಾದ ಕಣಿವೆಗೆ ಮೇಲಾಗಿ ಶ್ರೀಶೈಲ ಕ್ಷೇತ್ರವಿದೆ. ದ್ವಾದಶ ಜ್ಯೋತಿರ್ಲಿಂಗಗಳಲ್ಲಿ ಒಂದಾದ ಮಲ್ಲಿಕಾರ್ಜುನನೂ ಶಕ್ತಿಪೀಠಗಳಲ್ಲಿ ಗಣಿತಳಾದ ಭ್ರಮರಾಂಬೆಯೂ ಅಲ್ಲಿ ನೆಲಸಿದ್ದಾರೆ. ವೀರಶೈವ ಪರಂಪರೆಯಲ್ಲಿ ಅದು ಪಂಚಪೀಠಗಳಲ್ಲಿ ಒಂದಾದ ಸೂರ್ಯಸಿಂಹಾಸನದ ಸ್ಥಾನ. ಪರಂಪರೆ ಈ ಗಿರಿಗೆ ನಾಲ್ಕು ಮಹಾದ್ವಾರಗಳನ್ನು ಹೇಳುತ್ತದೆ: ಪೂರ್ವಕ್ಕೆ ತ್ರಿಪುರಾಂತಕ, ದಕ್ಷಿಣಕ್ಕೆ ಸಿದ್ಧವಟ, ಪಶ್ಚಿಮಕ್ಕೆ ಆಲಂಪುರ, ಉತ್ತರಕ್ಕೆ ಉಮಾಮಹೇಶ್ವರ. ಇವು ಶ್ರೀಶೈಲದಿಂದ ಬಹುದೂರದಲ್ಲಿರುವ ಕ್ಷೇತ್ರಗಳು. ಬಾಗಿಲು ಅಷ್ಟು ದೂರದಲ್ಲಿದೆಯೆಂದರೆ ಇಡೀ ಅರಣ್ಯವೇ ದೇವಾಲಯದ ಅಂಗಳವೆಂದು ಹಿಂದಿನವರು ಭಾವಿಸಿದ್ದರೆಂದು ಅರ್ಥ. ಯಾತ್ರಿಕನು ಬಾಗಿಲನ್ನು ದಾಟಿದ ಮೇಲೆ ಹಲವು ದಿನ ನಡೆದರೂ ಗುಡಿಯೊಳಗೇ ನಡೆಯುತ್ತಿರುತ್ತಾನೆ.

ಕನ್ನಡನಾಡಿನ ಯಾತ್ರಿಕರು ಹೆಚ್ಚಾಗಿ ಹಿಡಿಯುವ ಕಾಲುದಾರಿ ಆತ್ಮಕೂರಿನ ಕಡೆಯಿಂದ ನಾಗಲೂಟಿ, ಪೆದ್ದಚೆರುವು, ಭೀಮುನಿಕೊಲನುಗಳ ಮೂಲಕ ಕೈಲಾಸದ್ವಾರವನ್ನು ಮುಟ್ಟುತ್ತದೆ. ನಾಗಲೂಟಿಯಲ್ಲಿ ವೀರಭದ್ರನ ಗುಡಿಯಿದೆ. ಭೀಮುನಿಕೊಲನು ಎಂಬುದು ಕಡಿದಾದ ಕಮರಿ. ಅದರ ತಳಕ್ಕೆ ಇಳಿದು, ಎದುರಿನ ಕಡಿದಾದ ಮೆಟ್ಟಿಲುಗಳನ್ನು ಏರಿದರೆ ಕೈಲಾಸದ್ವಾರ ದೊರೆಯುತ್ತದೆ. ಇಳಿಯದೆ ಏರಲಾಗದಂತೆ ಪ್ರಕೃತಿಯೇ ಅಲ್ಲಿ ದಾರಿಯನ್ನು ರಚಿಸಿದೆ. ಕೈಲಾಸದ್ವಾರದಿಂದ ಮುಂದೆ ಹಾಟಕೇಶ್ವರವನ್ನು ಹಾದು ಯಾತ್ರಿಕರು ಕ್ಷೇತ್ರವನ್ನು ಸೇರುತ್ತಾರೆ.

ದೇವಾಲಯವನ್ನು ಮುಟ್ಟಿದ ಮೇಲೂ ಮೆಟ್ಟಿಲು ಮುಗಿಯುವುದಿಲ್ಲ. ಕೃಷ್ಣೆಗೆ ಅಲ್ಲಿ ಪಾತಾಳಗಂಗೆಯೆಂದು ಹೆಸರು. ಗಿರಿಯಿಂದ ನೂರಾರು ಮೆಟ್ಟಿಲುಗಳನ್ನಿಳಿದು ಭಕ್ತನು ಅಲ್ಲಿ ಮೀಯಬೇಕು. ನೀರನ್ನು ಹೊತ್ತು ಮತ್ತೆ ಏರಿ ಬರಬೇಕು. ಕೈಲಾಸದ ದ್ವಾರ ಮೇಲೆ, ಪಾತಾಳದ ಗಂಗೆ ಕೆಳಗೆ. ಎರಡರ ನಡುವೆ ಮನುಷ್ಯನ ಹೆಜ್ಜೆ. ಮೂರು ಲೋಕಗಳ ಕಲ್ಪನೆಯನ್ನು ಇಷ್ಟು ಸರಳವಾಗಿ ಕಲ್ಲಿನಲ್ಲಿ ಬರೆದ ಕ್ಷೇತ್ರ ವಿರಳ.

ಮೆಟ್ಟಿಲು ಕಟ್ಟಿಸಿದವರು

ಈ ಸೋಪಾನಗಳ ಚರಿತ್ರೆ ದಕ್ಷಿಣ ಭಾರತದ ಒಂದು ಸಂಕಟದ ಕಾಲಕ್ಕೆ ಸಂಬಂಧಿಸಿದೆ. 1323ರಲ್ಲಿ ಓರುಗಲ್ಲಿನ ಕಾಕತೀಯ ರಾಜ್ಯ ಪತನಗೊಂಡಿತು. ತೆಲುಗುನಾಡಿನ ಹಲವು ಕ್ಷೇತ್ರಗಳಿಗೆ ರಾಜಾಶ್ರಯ ತಪ್ಪಿತು. ಆ ಬಳಿಕ ತಲೆಯೆತ್ತಿದ ರೆಡ್ಡಿ ಮನೆತನದ ಸ್ಥಾಪಕ ಪ್ರೋಲಯ ವೇಮಾರೆಡ್ಡಿ ಅದ್ದಂಕಿಯನ್ನು ರಾಜಧಾನಿಯಾಗಿ ಮಾಡಿಕೊಂಡು 14ನೆಯ ಶತಮಾನದ ಎರಡನೆಯ ಪಾದದಲ್ಲಿ ಆಳಿದನು. ಆತನ ಕೀರ್ತಿಗೆ ಕಾರಣವಾದ ಕಾರ್ಯಗಳಲ್ಲಿ ಶ್ರೀಶೈಲಕ್ಕೂ ಅಹೋಬಲಕ್ಕೂ ಕಟ್ಟಿಸಿದ ಸೋಪಾನಗಳು ಮುಖ್ಯವಾದವು. ಒಂದು ಶೈವಕ್ಷೇತ್ರ, ಇನ್ನೊಂದು ವೈಷ್ಣವಕ್ಷೇತ್ರ. ಹೊಸ ದೇವಾಲಯವನ್ನು ನಿಲ್ಲಿಸುವುದಕ್ಕಿಂತ ಇದ್ದ ದೇವಾಲಯಕ್ಕೆ ಜನ ಹೋಗಿಬರುವ ದಾರಿಯನ್ನು ತೆರೆಯುವುದು ಆ ಕಾಲದ ಅಗತ್ಯವಾಗಿತ್ತು. ಮೆಟ್ಟಿಲು ಕಟ್ಟಿದುದೆಂದರೆ ಕಡಿದುಹೋದ ಯಾತ್ರೆಯನ್ನು ಮರಳಿ ಕೂಡಿಸಿದುದೆಂದೇ ಅರ್ಥ.

ವಿಜಯನಗರದ ಅರಸರು ಈ ಕಾರ್ಯವನ್ನು ಮುಂದುವರಿಸಿದರು. ಎರಡನೆಯ ಹರಿಹರರಾಯನ ರಾಣಿ ವಿಠಲಾಂಬೆ 14ನೆಯ ಶತಮಾನದ ಕೊನೆಯ ದಶಕದಲ್ಲಿ ಪಾತಾಳಗಂಗೆಗೆ ಇಳಿಯುವ ಮೆಟ್ಟಿಲುಗಳನ್ನು ಕಟ್ಟಿಸಿದಳು. ಮಲ್ಲಿಕಾರ್ಜುನ ದೇವಾಲಯದ ಮುಖಮಂಟಪ ಹರಿಹರರಾಯನ ಸೇವೆ. ಅರಸನು ದೇವರ ಮುಂದೆ ಮಂಟಪವನ್ನು ನಿಲ್ಲಿಸಿದರೆ, ರಾಣಿ ಯಾತ್ರಿಕರ ಕಾಲ ಕೆಳಗೆ ಕಲ್ಲನ್ನು ಹಾಸಿದಳು. ತುಂಬಿದ ಕೊಡವನ್ನು ಹೊತ್ತು ಏರುವ ಕಷ್ಟವನ್ನು ಬಲ್ಲವರು ಹೆಣ್ಣುಮಕ್ಕಳು. ನೀರಿನ ದಾರಿಯನ್ನು ಹಸನುಮಾಡುವ ಪುಣ್ಯ ಅವಳ ಪಾಲಿಗೆ ಬಂದುದು ಉಚಿತವೇ ಆಗಿದೆ. 1515ರಲ್ಲಿ ಕೊಂಡವೀಡನ್ನು ಗೆದ್ದ ಬಳಿಕ ಕೃಷ್ಣದೇವರಾಯನೂ ಶ್ರೀಶೈಲಕ್ಕೆ ಬಂದು ರಥಬೀದಿಯಲ್ಲಿ ಮಂಟಪಗಳನ್ನು ಕಟ್ಟಿಸಿದನು.

ಕೆರೆ, ಬಾವಿ, ಅರವಟ್ಟಿಗೆ, ಛತ್ರಗಳಂತೆ ಸೋಪಾನವೂ ಪೂರ್ತಧರ್ಮದ ಕಾರ್ಯವೆಂದು ನಮ್ಮ ಹಿರಿಯರು ಬಗೆದಿದ್ದರು. ಇವೆಲ್ಲವುಗಳಲ್ಲಿ ಒಂದು ಸಮಾನ ಗುಣವಿದೆ. ಕಟ್ಟಿಸಿದವನು ಮರೆತುಹೋಗುತ್ತಾನೆ, ಬಳಸುವವನು ಉಳಿಯುತ್ತಾನೆ. ಮೆಟ್ಟಿಲನ್ನೇರುವವನು ಮುಂದಿನ ಮೆಟ್ಟಿಲನ್ನು ನೋಡುತ್ತಾನೆಯೇ ಹೊರತು ಕಟ್ಟಿಸಿದವನ ಹೆಸರನ್ನು ಕೇಳುವುದಿಲ್ಲ. ಆದುದರಿಂದ ದಾನಗಳಲ್ಲಿ ಇದು ನಿರಹಂಕಾರದ ದಾನ.

ಜಿಗಿತ ಮತ್ತು ಹೆಜ್ಜೆ

ಶ್ರೀಶೈಲದ ಚರಿತ್ರೆಯಲ್ಲಿ ಸೋಪಾನಕ್ಕೆ ವಿರುದ್ಧವಾದ ಇನ್ನೊಂದು ದಾರಿಯೂ ಕಾಣುತ್ತದೆ. ಪ್ರೋಲಯ ವೇಮನ ಮಗನಾದ ಅನವೇಮಾರೆಡ್ಡಿ 1377ರಲ್ಲಿ ಮಲ್ಲಿಕಾರ್ಜುನ ದೇವಾಲಯದ ಆವರಣದಲ್ಲಿ ವೀರಶಿರೋಮಂಟಪವನ್ನು ಕಟ್ಟಿಸಿದನು. ಭಕ್ತಿಯ ಆವೇಶದಲ್ಲಿ ವೀರರು ಅಲ್ಲಿ ತಮ್ಮ ಶಿರಸ್ಸನ್ನು, ನಾಲಗೆಯನ್ನು ಕಡಿದು ಅರ್ಪಿಸುತ್ತಿದ್ದರೆಂಬುದಕ್ಕೆ ಆ ಮಂಟಪದ ಶಾಸನವೇ ಸಾಕ್ಷಿ. ಮೆಟ್ಟಿಲು ಮೆಟ್ಟಿಲಾಗಿ ಏರುವ ತಾಳ್ಮೆಯಿಲ್ಲದೆ ಒಂದೇ ಜಿಗಿತಕ್ಕೆ ಶಿವನನ್ನು ಮುಟ್ಟುವ ಸಾಹಸವದು. ಅದರ ಹಿಂದಿನ ನಿಷ್ಠೆಯನ್ನು ಅಲ್ಲಗಳೆಯುವಂತಿಲ್ಲ. ಆದರೆ ಶರಣಧರ್ಮ ಒಪ್ಪಿದ ದಾರಿ ಯಾವುದು?

ಇದಕ್ಕೆ ಉತ್ತರ ಸೊನ್ನಲಿಗೆಯ ಸಿದ್ಧರಾಮರ ಚರಿತ್ರೆಯಲ್ಲಿದೆ. ರಾಘವಾಂಕ ಕವಿ ತನ್ನ ಸಿದ್ಧರಾಮ ಚಾರಿತ್ರದಲ್ಲಿ ಅದನ್ನು ಹೃದಯಂಗಮವಾಗಿ ನಿರೂಪಿಸಿದ್ದಾನೆ. ಹೊಲ ಕಾಯುತ್ತಿದ್ದ ಬಾಲಕನ ಮುಂದೆ ಮಲ್ಲಯ್ಯನು ಜಂಗಮರೂಪದಲ್ಲಿ ಬಂದು ಉಣ್ಣಲು ಕೇಳಿದನು. ಬಾಲಕನು ಮನೆಗೆ ಓಡಿ ಬುತ್ತಿಯೊಡನೆ ಮರಳುವಷ್ಟರಲ್ಲಿ ಜಂಗಮನು ಮರೆಯಾಗಿದ್ದನು. ಮಲ್ಲಯ್ಯನನ್ನು ಅರಸುತ್ತ ಅಳುತ್ತಿದ್ದ ಹುಡುಗನು ಯಾತ್ರಿಕರ ಜೊತೆಗೂಡಿ ಶ್ರೀಶೈಲವನ್ನು ಸೇರಿದನು. ಜನ ಗರ್ಭಗುಡಿಯಲ್ಲಿನ ಲಿಂಗವನ್ನು ತೋರಿಸಿ, ಇವನೇ ಮಲ್ಲಯ್ಯನೆಂದರು. ತನ್ನೊಡನೆ ಮಾತಾಡಿದ, ಹಸಿದು ಅನ್ನ ಕೇಳಿದ ಮಲ್ಲಯ್ಯ ಅವನಲ್ಲವೆಂದು ಬಾಲಕನು ಮತ್ತೆ ಅರಸತೊಡಗಿದನು. ಎಲ್ಲಿಯೂ ಕಾಣದೆ ಆಳವಾದ ಕಮರಿಗೆ ಧುಮುಕಲು ಮುಂದಾದಾಗ ಮಲ್ಲಯ್ಯನೇ ಪ್ರತ್ಯಕ್ಷನಾಗಿ ಅವನನ್ನು ತಡೆದನು. ತಡೆದು ಶ್ರೀಶೈಲದಲ್ಲಿ ಉಳಿಸಿಕೊಳ್ಳಲಿಲ್ಲ. ಸೊನ್ನಲಿಗೆಗೆ ಮರಳಿ ಅದನ್ನೇ ಶ್ರೀಶೈಲವಾಗಿ ಮಾಡೆಂದು ಆಜ್ಞಾಪಿಸಿ ಕಳುಹಿಸಿದನು.

ಈ ಕಥೆಯ ತಿರುಳನ್ನು ಗಮನಿಸಬೇಕು. ಸಾವಿರಾರು ಜನ ಏರಿ ಬಂದು ದರ್ಶನ ಪಡೆದು ತೃಪ್ತರಾಗುವ ಸ್ಥಾನದಲ್ಲಿ ಬಾಲಕ ತೃಪ್ತನಾಗಲಿಲ್ಲ. ಅವನಿಗೆ ಮೆಟ್ಟಿಲುಗಳ ಕೊನೆ ಗರ್ಭಗುಡಿಯಾಗಿರಲಿಲ್ಲ. ಜಿಗಿದಾದರೂ ಪಡೆಯುತ್ತೇನೆಂದು ಹೊರಟವನನ್ನು ದೇವರೇ ಕೈಹಿಡಿದು ನಿಲ್ಲಿಸಿ, ಇಳಿದು ಊರಿಗೆ ಹೋಗುವ ದಾರಿಯನ್ನು ತೋರಿಸಿದನು. ಇಳಿದುಬಂದ ಸಿದ್ಧರಾಮರು ಸೊನ್ನಲಿಗೆಯಲ್ಲಿ ಕೆರೆಯನ್ನು ಕಟ್ಟಿಸಿದರು. ಅರುವತ್ತೆಂಟು ಲಿಂಗಗಳನ್ನು ಸ್ಥಾಪಿಸಿದರೆಂದು ಪರಂಪರೆ ಹೇಳುತ್ತದೆ. ಏರಿದ ಫಲವನ್ನು ಇಳಿದು ಲೋಕಕ್ಕೆ ಹಂಚುವುದೇ ಯಾತ್ರೆಯ ಪೂರ್ಣತೆ. ಮುಂದೆ ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬಂದು, ಕೆರೆ ಗುಡಿಗಳ ಕರ್ತೃತ್ವವೂ ಅಂತಿಮವಲ್ಲವೆಂದು ಬೋಧಿಸಿ ಸಿದ್ಧರಾಮರನ್ನು ಕಲ್ಯಾಣಕ್ಕೆ ಕರೆದೊಯ್ದುದನ್ನು ಶೂನ್ಯಸಂಪಾದನೆ ವಿಸ್ತಾರವಾಗಿ ಹೇಳುತ್ತದೆ. ಒಂದು ಏರಿಕೆ ಮುಗಿದಲ್ಲಿ ಇನ್ನೊಂದು ಏರಿಕೆ ಆರಂಭವಾಗುತ್ತದೆ.

ಅಂಗೈಯ ಲಿಂಗಕ್ಕೆ ಮೆಟ್ಟಿಲೇಕೆ?

ಇಲ್ಲಿ ವೀರಶೈವ ಜಿಜ್ಞಾಸುವಿಗೆ ಸಹಜವಾದ ಪ್ರಶ್ನೆಯೊಂದು ಎದುರಾಗುತ್ತದೆ. ಬಸವಣ್ಣನವರು ಶರೀರವನ್ನೇ ಗುಡಿಯಾಗಿ ಕಂಡವರು; ಸ್ಥಾವರಕ್ಕೆ ಅಳಿವುಂಟು, ಜಂಗಮಕ್ಕೆ ಅಳಿವಿಲ್ಲವೆಂಬುದು ಅವರ ನಿಲುವು. ಕರಸ್ಥಲದಲ್ಲಿ ಇಷ್ಟಲಿಂಗವನ್ನು ಧರಿಸಿದವನಿಗೆ ಬೆಟ್ಟವನ್ನೇರಿ ಕಾಣಬೇಕಾದ ಲಿಂಗ ಯಾವುದು?

ಈ ಪ್ರಶ್ನೆಯ ಗಾಂಭೀರ್ಯ ತಿಳಿಯಬೇಕಾದರೆ ಮೆಟ್ಟಿಲಿನ ಇನ್ನೊಂದು ಮುಖವನ್ನೂ ನೋಡಬೇಕು. ಮೆಟ್ಟಿಲು ಸ್ವಾಗತವೂ ಹೌದು, ತಡೆಯೂ ಹೌದು. ಯಾರು ಎಷ್ಟನೆಯ ಮೆಟ್ಟಿಲಿನವರೆಗೆ ಬರಬಹುದೆಂಬುದನ್ನು ಹುಟ್ಟಿನಿಂದ ನಿರ್ಣಯಿಸಿದ ಕಾಲವೊಂದಿತ್ತು. ಎಷ್ಟೋ ದೇವಾಲಯಗಳಲ್ಲಿ ಮೊದಲ ಮೆಟ್ಟಿಲೇ ಅಸ್ಪೃಶ್ಯರೆನಿಸಿದವರ ಪಾಲಿನ ಕೊನೆಯ ಗಡಿಯಾಗಿತ್ತು. ಗುಡಿಯ ಕಲ್ಲನ್ನು ಕಡೆದವನು, ಹೊತ್ತವನು, ಜೋಡಿಸಿದವನು ಗುಡಿ ಪೂರ್ಣವಾದ ದಿನದಿಂದ ಹೊರಗಾಗುತ್ತಿದ್ದನು. 1936ರ ತಿರುವಾಂಕೂರಿನ ದೇವಾಲಯ ಪ್ರವೇಶ ಘೋಷಣೆ, 1950ರಲ್ಲಿ ಜಾರಿಗೆ ಬಂದ ಸಂವಿಧಾನದ ಅಸ್ಪೃಶ್ಯತಾ ನಿಷೇಧ, ಇವು ಆ ಗಡಿಯನ್ನು ಕಾನೂನಿನಿಂದ ಅಳಿಸಿದವು. ಅದಕ್ಕೆ ಎಂಟು ಶತಮಾನಗಳ ಹಿಂದೆಯೇ ಶರಣರು ಬೇರೊಂದು ಬಗೆಯಿಂದ ಅದನ್ನು ಅಳಿಸಿದ್ದರು. ಮೆಟ್ಟಿಲನ್ನೇರಲು ಬಿಡದವರೊಡನೆ ಕಾದಾಡುತ್ತ ನಿಲ್ಲದೆ, ಲಿಂಗವನ್ನೇ ಏರಲಾಗದವನ ಅಂಗೈಗೆ ಇಳಿಸಿದರು. ಮಾದಾರ ಚೆನ್ನಯ್ಯನಿಗೂ ಡೋಹರ ಕಕ್ಕಯ್ಯನಿಗೂ ಶಿವನು ಅಷ್ಟೇ ಸಮೀಪನಾದನು. ಇಷ್ಟಲಿಂಗವೆಂದರೆ ಮೆಟ್ಟಿಲುಗಳನ್ನೆಲ್ಲ ಇಳಿದು ಬಂದ ದೇವರು.

ಹಾಗಿದ್ದೂ ಶರಣರು ಶ್ರೀಶೈಲವನ್ನು ತೊರೆಯಲಿಲ್ಲ. ಅಕ್ಕಮಹಾದೇವಿಯ ಅಂಕಿತ ಚೆನ್ನಮಲ್ಲಿಕಾರ್ಜುನ, ಸಿದ್ಧರಾಮರದು ಕಪಿಲಸಿದ್ಧಮಲ್ಲಿಕಾರ್ಜುನ. ಉಡುತಡಿಯನ್ನು ಬಿಟ್ಟು ಕಲ್ಯಾಣದ ಅನುಭವಮಂಟಪದಲ್ಲಿ ಪರೀಕ್ಷಿತಳಾದ ಅಕ್ಕ ಕೊನೆಗೆ ನಡೆದುದು ಶ್ರೀಶೈಲದ ಕದಳಿಗೆ. ಅಲ್ಲಮಪ್ರಭುಗಳು ಬಯಲಾದುದೂ ಅಲ್ಲಿಯೇ ಎಂದು ಪರಂಪರೆ ನಂಬಿದೆ. ಈ ವಿರೋಧಾಭಾಸಕ್ಕೆ ಪರಿಹಾರವಿಲ್ಲದೆ ಇಲ್ಲ. ಅಕ್ಕ ಅಲ್ಲಿಗೆ ಹೋದುದು ಬೇಡಲಿಕ್ಕಲ್ಲ, ಹರಕೆ ತೀರಿಸಲಿಕ್ಕಲ್ಲ. ಒಳಗೆ ಸಂಪೂರ್ಣವಾಗಿ ಏರಿ ಮುಗಿಸಿದ ಏರಿಕೆಯ ಕುರುಹಾಗಿ ಹೊರಗಿನ ಗಿರಿಯನ್ನು ಏರಿದಳು. ಕದಳಿಯೆಂಬುದು ಅವಳಿಗೆ ಬಾಳೆಯ ಬನವಷ್ಟೇ ಅಲ್ಲ, ತನುವೂ ಮನವೂ ಆಗಿತ್ತು. ಶರಣರು ನಿರಾಕರಿಸಿದುದು ಒಳಗಿನ ನಡೆಯಿಲ್ಲದ ಹೊರಗಿನ ನಡೆಯನ್ನು. ಒಳಗು ಹೊರಗು ಒಂದಾದ ನಡೆಯನ್ನು ಅವರು ತಾವೇ ನಡೆದು ತೋರಿದರು.

ಷಟ್‌ಸ್ಥಲವು ಸೋಪಾನವೆ?

ಭಕ್ತ, ಮಹೇಶ್ವರ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳನ್ನು ಮುಕ್ತಿಸೌಧದ ಆರು ಮೆಟ್ಟಿಲುಗಳೆಂದು ವಿವರಿಸುವುದು ರೂಢಿ. ಹೋಲಿಕೆ ಬೋಧನೆಗೆ ಅನುಕೂಲವಾದುದು. ಭಕ್ತನಲ್ಲಿ ಶ್ರದ್ಧೆಯಾಗಿ ಮೊಳೆತ ಭಕ್ತಿ ಮಹೇಶ್ವರನಲ್ಲಿ ನಿಷ್ಠೆಯಾಗಿ, ಪ್ರಸಾದಿಯಲ್ಲಿ ಅವಧಾನವಾಗಿ, ಪ್ರಾಣಲಿಂಗಿಯಲ್ಲಿ ಅನುಭವವಾಗಿ, ಶರಣನಲ್ಲಿ ಆನಂದವಾಗಿ, ಐಕ್ಯನಲ್ಲಿ ಸಮರಸವಾಗಿ ಪರಿಣಮಿಸುತ್ತದೆ. ಮೊದಲ ಮೆಟ್ಟಿಲಿನಲ್ಲಿ ಶ್ರದ್ಧೆಯಿಲ್ಲದವನು ಮೂರನೆಯದರಲ್ಲಿ ಅವಧಾನವನ್ನು ಪಡೆಯಲಾರನು. ಈ ಮಟ್ಟಿಗೆ ಸ್ಥಲಗಳು ಸೋಪಾನಗಳೇ.

ಆದರೆ ಹೋಲಿಕೆಗೆ ಒಂದು ಮಿತಿಯಿದೆ. ಬೆಟ್ಟವನ್ನೇರುವವನು ಎರಡನೆಯ ಮೆಟ್ಟಿಲಿಗೆ ಕಾಲಿಟ್ಟರೆ ಮೊದಲನೆಯದನ್ನು ಬಿಡುತ್ತಾನೆ. ಷಟ್‌ಸ್ಥಲದಲ್ಲಿ ಹಾಗಲ್ಲ. ಒಂದೊಂದು ಸ್ಥಲದಲ್ಲಿಯೂ ಉಳಿದ ಸ್ಥಲಗಳು ಅಡಗಿವೆಯೆಂದು ಶಾಸ್ತ್ರಕಾರರು ಹೇಳಿ, ಆರನ್ನು ಮೂವತ್ತಾರಾಗಿ, ಇನ್ನೂರ ಹದಿನಾರಾಗಿ ವಿಸ್ತರಿಸಿದ್ದಾರೆ. ಸಿದ್ಧಾಂತ ಶಿಖಾಮಣಿಯಲ್ಲಿ ಅಂಗಸ್ಥಲಗಳು ನಲವತ್ತನಾಲ್ಕು, ಲಿಂಗಸ್ಥಲಗಳು ಐವತ್ತೇಳು, ಒಟ್ಟು ನೂರೊಂದು. ಐಕ್ಯನಾದವನು ಭಕ್ತನಾಗಿರುವುದನ್ನು ಬಿಡುವುದಿಲ್ಲ. ಐಕ್ಯನಲ್ಲಿ ಭಕ್ತಿ ಇನ್ನಷ್ಟು ಪಕ್ವವಾಗುತ್ತದೆ. ಸ್ಥಲವೆಂಬ ಶಬ್ದವನ್ನೇ ನಮ್ಮ ಆಚಾರ್ಯರು ಸ್ಥಾನ ಮತ್ತು ಲಯ ಎಂದು ಬಿಡಿಸಿ, ಜಗತ್ತೆಲ್ಲ ನೆಲೆನಿಂತು ಲಯವಾಗುವ ಪರಶಿವತತ್ತ್ವವೇ ಸ್ಥಲವೆಂದು ನಿರೂಪಿಸಿದರು. ಆ ಅರ್ಥದಲ್ಲಿ ಶಿವನು ಮೆಟ್ಟಿಲುಗಳ ತುದಿಯಲ್ಲಿ ಕಾದು ಕುಳಿತವನಲ್ಲ. ಮೆಟ್ಟಿಲಾಗಿ ಕಾಲಡಿಯಲ್ಲಿಯೂ ಇರುವವನು. ಮೊದಲ ಮೆಟ್ಟಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಹಳ್ಳಿಯ ಹೆಣ್ಣುಮಗಳು ಶಾಸ್ತ್ರವನ್ನು ಓದದೆಯೂ ಈ ತತ್ತ್ವವನ್ನು ಆಚರಿಸುತ್ತಾಳೆ.

ನಡೆಯುವ ಜನ

ಪ್ರತಿವರ್ಷ ಯುಗಾದಿಯ ಹೊತ್ತಿಗೆ ವಿಜಯಪುರ, ಬಾಗಲಕೋಟೆ, ಬೆಳಗಾವಿ, ರಾಯಚೂರು ಮೊದಲಾದ ಕಡೆಗಳಿಂದಲೂ ಸೊಲ್ಲಾಪುರದ ಸೀಮೆಯಿಂದಲೂ ಸಾವಿರಾರು ಭಕ್ತರು ಕಂಬಿಗಳನ್ನು ಹೊತ್ತು ಕಾಲ್ನಡಿಗೆಯಿಂದ ಶ್ರೀಶೈಲಕ್ಕೆ ಹೊರಡುತ್ತಾರೆ. ಭ್ರಮರಾಂಬೆ ತಮ್ಮ ಮನೆಯ ಮಗಳು, ಮಲ್ಲಯ್ಯ ಅಳಿಯನೆಂಬುದು ಅವರ ಭಾವ. ಹಬ್ಬಕ್ಕೆ ಮಗಳಿಗೆ ಸೀರೆ ಕುಪ್ಪಸ ಒಯ್ಯುವಂತೆ ತಾಯಿಗೆ ಒಯ್ಯುತ್ತಾರೆ. ನಲ್ಲಮಲೆಯ ಚೆಂಚು ಜನರಿಗೂ ಅವನು ಚೆಂಚು ಮಲ್ಲಯ್ಯ, ಅವರ ಅಳಿಯ. ಬೇಸಗೆಯ ಬಿಸಿಲಿನಲ್ಲಿ ಅಂಗಾಲು ಬಿರಿದರೂ ಈ ನಂಟು ಅವರನ್ನು ಎಳೆಯುತ್ತದೆ. ದೂರದಿಂದ ಬಂದ ಭಕ್ತನು ಕಾಲಿನ ಧೂಳಿನೊಡನೆಯೇ ಒಳಹೊಕ್ಕು ಲಿಂಗವನ್ನು ಮುಟ್ಟಿ ನಮಿಸುವ ಧೂಳಿದರ್ಶನದ ಸಂಪ್ರದಾಯ ಈ ಕ್ಷೇತ್ರದ ಹಿರಿಮೆ. ನಡೆದು ಬಂದವನ ಧೂಳು ಕೊಳೆಯಲ್ಲ, ಅದೇ ಅವನ ವಿಭೂತಿಯೆಂದು ಈ ಆಚಾರ ಸಾರುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಮೋಟಾರು ರಸ್ತೆ ಬಂದಿತು. ಕೃಷ್ಣೆಗೆ ಅಣೆಕಟ್ಟಾಗಿ ಕಣಿವೆ ಜಲಾಶಯವಾಯಿತು. ನೀರು ಏರಿದಾಗ ಪಾತಾಳಗಂಗೆಯ ಕೆಳಗಿನ ಮೆಟ್ಟಿಲುಗಳು ಮುಳುಗುತ್ತವೆ. ಈಗ ಅಲ್ಲಿಗೆ ರಜ್ಜುಮಾರ್ಗವೂ ಇದೆ. ವೃದ್ಧರಿಗೂ ರೋಗಿಗಳಿಗೂ ಇವು ಉಪಕಾರಿಗಳೇ. ಲಿಂಗವನ್ನೇ ಅಂಗೈಗೆ ತಂದ ಧರ್ಮ, ಏರಲಾಗದವನಿಗೆ ದೊರೆತ ಸೌಕರ್ಯವನ್ನು ಹಳಿಯಲಾರದು. ಆದರೆ ಏರಬಲ್ಲವನು ಏರದೆ ಹೋದಾಗ ಕಳೆದುಕೊಳ್ಳುವುದೇನೆಂಬುದನ್ನು ಆತನೇ ಯೋಚಿಸಬೇಕು. ಮೆಟ್ಟಿಲನ್ನೇರುವಾಗ ಧನಿಕನಿಗೂ ದರಿದ್ರನಿಗೂ ಉಸಿರು ಒಂದೇ ಬಗೆಯಾಗಿ ಕಟ್ಟುತ್ತದೆ. ದಣಿದು ಕುಳಿತವನಿಗೆ ಗುರುತಿಲ್ಲದವನು ನೀರು ಕೊಡುತ್ತಾನೆ, ಕೈ ನೀಡಿ ಎಬ್ಬಿಸುತ್ತಾನೆ. ಆ ಹೊತ್ತಿಗೆ ಅಲ್ಲಿ ಜಂಗಮದರ್ಶನವಾಗಿರುತ್ತದೆ. ಮೇಲಿನ ಸ್ಥಾವರದರ್ಶನ ಅನಂತರದ್ದು.

ಕೃಷ್ಣೆಯ ಮೇಲ್ದಂಡೆಯಲ್ಲಿ ಕೂಡಲಸಂಗಮವಿದೆ. ನಾರಾಯಣಪುರದ ಅಣೆಕಟ್ಟಿನ ಹಿನ್ನೀರಿನ ನಡುವೆ ಬಾವಿಯಂತೆ ಕಟ್ಟಿ ರಕ್ಷಿಸಿದ ಬಸವಣ್ಣನವರ ಐಕ್ಯಮಂಟಪವನ್ನು ಕಾಣಬೇಕಾದರೆ ಮೆಟ್ಟಿಲುಗಳನ್ನು ಇಳಿಯಬೇಕು. ಅದೇ ನದಿ ಮುಂದೆ ಹರಿದು ಪಾತಾಳಗಂಗೆಯಾಗುವಲ್ಲಿ ಮಲ್ಲಿಕಾರ್ಜುನನನ್ನು ಕಾಣಲು ಮೆಟ್ಟಿಲುಗಳನ್ನು ಏರಬೇಕು. ಏರುವುದು ಶಿವನೆಡೆಗೆ ಸಾಗುವ ಸಾಧನೆ. ಇಳಿಯುವುದು ತನ್ನನ್ನು ತಾನು ಕಿರಿದಾಗಿಸಿಕೊಳ್ಳುವ ಸಾಧನೆ. ಇವೆರಡನ್ನೂ ಬಲ್ಲವನಿಗೆ ಪ್ರತಿಯೊಂದು ಮೆಟ್ಟಿಲೂ ತೀರ್ಥ, ಪ್ರತಿಯೊಂದು ಹೆಜ್ಜೆಯೂ ಪೂಜೆ. ಕಲ್ಲಿನ ಸೋಪಾನ ಕಲಿಸುವ ಪಾಠವಿಷ್ಟೆ. ಅದನ್ನು ಕಲಿತವನು ಬೆಟ್ಟದಿಂದ ಇಳಿದು ತನ್ನ ಊರಿಗೆ, ತನ್ನ ಕಾಯಕಕ್ಕೆ ಮರಳಿದಾಗಲೇ ಯಾತ್ರೆ ಪೂರ್ಣವಾಗುತ್ತದೆ.